ಸುಮ್ಮನೆ ನಿಲ್ಲಲಾರದವನೂ ಟ್ರೌಟ್ ಮೀನೂ

ಕೈಕಾಲು ಸುಮ್ಮನಿರದ ನನ್ನಂಥವನು ಏನು ಮಾಡಹೋದರೂ ಒಂದಲ್ಲ ಒಂದು ಫಜೀತಿ ಆಗಿಯೇ ತೀರುತ್ತದೆ. ನಾನು ಊಟಕ್ಕೆ ಕೂತರೆ ಟೇಬಲ್ಲು ಅಲುಗುತ್ತದೆ. ಗಿಲ್‌ರಾಯ್‌ನ ಮನೆಯಿಂದ ದೂರದ ಪಾಲೋ ಆಲ್ಟೋ ಆಫೀಸಿಗೆ ದಿನಾ ಕಾರು ಓಡಿಸಿ ಬಿಪಿ ಏರಿದಾಗ, ಶನಿವಾರದ ಧ್ಯಾನದ ಕ್ಲಾಸಿಗೆ ಬನ್ನಿ ಅಂದಳು ಹೆಂಡತಿ. ಕಣ್ಣು ಮುಚ್ಚಿ ಕೂರುವುದನ್ನು ನೆನೆಸಿಕೊಂಡೇ ಬಿಪಿ ಇನ್ನಷ್ಟು ಏರಿತು. ತಪ್ಪಿಸಿಕೊಳ್ಳಲು ಆಫೀಸಿನ ಗೆಳೆಯನ ಬೆನ್ನು ಹತ್ತಿ ಫ್ಲೈ ಫಿಶಿಂಗ್ ಶುರುಮಾಡಿದೆ. ಪುಟ್ಟ ಕೊಕ್ಕೆಗೆ ಹಕ್ಕಿಯ ಗರಿ ಸುತ್ತಿ ಹುಳದ ಹಾಗೆ ಮಾಡಿ, ನೀರಿನ ಮೇಲೆ ತೇಲಿಬಿಟ್ಟು, ಟ್ರೌಟ್ ಮೀನಿಗೆ ಮಂಕುಬೂದಿ ಎರಚುವ ಆಟ. ನಾವು ಮೀನು ತಿನ್ನುವವರಲ್ಲ, ಹಿಡಿದದ್ದನ್ನು ವಾಪಸ್ ನೀರಿಗೇ ಬಿಡುವುದು. ಹೆಂಡತಿ ಒಪ್ಪಿದಳು, ಆದರೆ ಷರತ್ತು ಹಾಕಿದಳು. ಮೀನು ಹಿಡಿಯುವ ಸೀಸನ್ನು ಮುಗಿಯುವುದರೊಳಗೆ ನಾನು ಹಿಡಿದ ಒಂದೇ ಒಂದು ಟ್ರೌಟಿನ ಫೋಟೋ ತೋರಿಸಬೇಕು. ಇಲ್ಲದಿದ್ದರೆ ಗಾಳ ಗರಾಜಿನಿಂದ ಹೊರಗೆ, ನಾನು ಧ್ಯಾನದ ಚಾಪೆಯ ಮೇಲೆ.

ಮೀಟಿಂಗು

ಗಾಳ ಬೀಸುವುದರ ಗುಟ್ಟೆಲ್ಲ ಮಣಿಕಟ್ಟಿನಲ್ಲಿದೆ ಎಂದಿದ್ದ ಗೆಳೆಯ. ಸರಿ, ಮೀಟಿಂಗುಗಳಲ್ಲಿ ಪೆನ್ನು ಹಿಡಿದು ಅಭ್ಯಾಸ ಮಾಡತೊಡಗಿದೆ. ಹಿಂದಕ್ಕೆ ಎತ್ತು, ಒಂದು ಕ್ಷಣ ನಿಲ್ಲಿಸು, ಮುಂದಕ್ಕೆ ಬೀಸು. ಒಂದು ದಿನ ಹಾಗೆ ಪೆನ್ನು ಹಿಡಿದ ಕೈ ಎತ್ತಿ ನಿಲ್ಲಿಸಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮ್ಯಾನೇಜರು ಎದೆ ತುಂಬಿ ಥ್ಯಾಂಕ್ಸ್ ಹೇಳಿದರು. ಯಾರೂ ಮುಟ್ಟಲು ಒಪ್ಪದಿದ್ದ ಹಳೇ ಪ್ರಾಜೆಕ್ಟನ್ನು ಯಾರು ತಗೋತೀರಿ ಎಂದು ಅವರು ಆಗಷ್ಟೇ ಕೇಳಿದ್ದರಂತೆ. ನಾನು ಬೀಸಿದ ಮೊದಲ ಗಾಳಕ್ಕೆ ಬಿದ್ದವನು ನಾನೇ.

ಕಾಲು

ನಾವಿರುವ ಬೇ ಏರಿಯಾದಿಂದ ಅರ್ಧ ದಿನ ಉತ್ತರಕ್ಕೆ ಹೋದರೆ ಒಂದು ಹೊಳೆ ಇದೆ. ತಳದ ಕಲ್ಲು ಎಣಿಸಬಹುದು, ನೀರು ಅಷ್ಟು ತಿಳಿ. ಮೀನುಗಳೂ ಕಾಣುತ್ತವೆ, ಅವುಗಳಿಗೆ ನಾವೂ ಕಾಣುತ್ತೇವೆ. ಅಲ್ಲಿಯ ಟ್ರೌಟು ಮಹಾ ಹಟಮಾರಿ. ಆ ಹೊತ್ತಿಗೆ ನೀರಿನ ಮೇಲೆ ಯಾವ ಹುಳ ಹಾರುತ್ತಿದೆಯೋ ಅದೇ ಬೇಕು, ಅದೇ ಬಣ್ಣ, ಅದೇ ಅಳತೆ. ನಾನು ಮಾಡಿದ ಹುಳವನ್ನು ಮೀನುಗಳು ಹತ್ತಿರ ಬಂದು ನೋಡಿ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ ಆಮೇಲೆ ತಿಳಿಸುತ್ತೇವೆ ಎಂದು ಹೋಗಿಬಿಡುತ್ತಿದ್ದವು. ನಾನು ಹುಳ ಬದಲಿಸಿದೆ, ದಾರ ಬದಲಿಸಿದೆ, ಟೋಪಿ ಕೂಡ ಬದಲಿಸಿದೆ. ದಡದಲ್ಲಿ ಕೂತಿದ್ದ ಮಗಳು ಹೆಡ್‌ಫೋನ್ ತೆಗೆದು ನನ್ನ ಮೊಣಕಾಲು ತೋರಿಸಿದಳು. ನೀರಿನಲ್ಲಿ ನಿಂತಲ್ಲೇ ಅದು ಕುಣಿಯುತ್ತಿತ್ತು, ಅಲೆಗಳು ಆಚೆ ದಡದವರೆಗೆ ಹೋಗುತ್ತಿದ್ದವು.

"ಅಪ್ಪಾ, ದೇ ಥಿಂಕ್ ಇಟ್ಸ್ ಆ್ಯನ್ ಅರ್ಥ್‌ಕ್ವೇಕ್," ಅಂದಳು.

ಡಬ್ಬಿ

ಸೀಸನ್ನಿನ ಕೊನೆಯ ವಾರಕ್ಕೆ ಸರಿಯಾಗಿ ಹುಬ್ಬಳ್ಳಿಯಿಂದ ನನ್ನ ಅವ್ವ ಬಂದಳು, ಕಣ್ಣು ಈಗ ಅಷ್ಟು ಸರಿಯಾಗಿ ಕಾಣದು ಅವಳಿಗೆ. ಜೊತೆಗೆ ಒಂದೇ ಥರದ ಎರಡು ಸ್ಟೀಲ್ ಡಬ್ಬಿ ತಂದಿದ್ದಳು. ಒಂದರಲ್ಲಿ ಸಂಜೆಯ ಆರತಿಗೆ ನಾನು ತಂದುಕೊಟ್ಟ ಅರಳೆಯ ಹೂಬತ್ತಿ ಹೊಸೆದು ತುಪ್ಪದಲ್ಲಿ ಅದ್ದಿ ಇಟ್ಟಳು. ಇನ್ನೊಂದನ್ನು ನಾನು ಕೇಳಿ ಪಡೆದು, ನನ್ನ ಗರಿಯ ಹುಳಗಳನ್ನು ತುಂಬಿದೆ. ಎರಡೂ ಅಡುಗೆಮನೆಯ ಕಟ್ಟೆಯ ಮೇಲೆ ಅಕ್ಕಪಕ್ಕ ಇದ್ದವು. ಬೆಳಿಗ್ಗೆ ಅವಸರದಲ್ಲಿ ಒಂದನ್ನು ಎತ್ತಿಕೊಂಡು ಹೊರಟೆ.

ಇದು ಕೊನೆಯ ಅವಕಾಶ. ಗಾಳಕ್ಕೆ ಮೊದಲೇ ಕಟ್ಟಿದ್ದ ಒಂದೇ ಹುಳದ ಗರಿಯೆಲ್ಲ ಪೊದೆಗೆ ಸಿಕ್ಕಿ ಕಿತ್ತುಹೋಗಿ ಬರೀ ಕೊಕ್ಕೆ ಉಳಿಯಿತು. ಬೇರೆ ತೆಗೆಯೋಣ ಎಂದು ಡಬ್ಬಿ ತೆರೆದರೆ ತುಪ್ಪದ ವಾಸನೆ. ಒಳಗೆ ಬೆಳ್ಳಗೆ ಅವ್ವನ ಹೂಬತ್ತಿಗಳು. ಅಳು ಬರುವುದೊಂದು ಬಾಕಿ. ಹೊತ್ತು ಇಳಿಯುತ್ತಿತ್ತು, ನೀರಿನ ಮೇಲೆ ಬಿಳಿ ಹುಳಗಳು ಏಳತೊಡಗಿದ್ದವು. ದೇವರು ಕ್ಷಮಿಸಲಿ ಎಂದು ಒಂದು ಹೂಬತ್ತಿಯನ್ನು ಕೊಕ್ಕೆಗೆ ದಾರದಿಂದ ಬಿಗಿದು ಬೀಸಿದೆ. ತುಪ್ಪದ ಪುಣ್ಯ, ಅದು ಮುಳುಗದೆ ಚಂದಾಗಿ ತೇಲಿತು. ಆಶ್ಚರ್ಯಕ್ಕೆ ನನ್ನ ಕಾಲೂ ಕುಣಿಯುವುದನ್ನು ಮರೆಯಿತು. ಗಬಕ್ಕನೆ ನುಂಗಿತು ಟ್ರೌಟು. ಫೋಟೋ ತೆಗೆದು, ಮೀನನ್ನು ನೀರಿಗೆ ಬಿಟ್ಟು, ಸಿಗ್ನಲ್ ಸಿಗುವ ರಸ್ತೆಯವರೆಗೆ ಓಡಿ ಮನೆಗೆ ಫೋನ್ ಮಾಡಿದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಫೋನ್ ಎತ್ತಿದ್ದು ಅವ್ವ. ನನಗೆ ಬಾಯಿ ತೆರೆಯಲಿಕ್ಕೂ ಬಿಡಲಿಲ್ಲ.

"ಎಂಥಾ ಅರಳಿ ತಂದುಕೊಟ್ಟೀಯೋ? ಬತ್ತಿ ಕೈಗೆ ಚುಚ್ಚತಾವ. ಹಚ್ಚಿದ್ರ ದೇವರ ಮನಿ ತುಂಬ ಕೋಳಿ ಸುಟ್ಟ ವಾಸನಿ ಬರಾಕತ್ತೇತಿ. ಯಾವ ಪಾಪಿ ಮಾರ್ಯಾನೋ ಇದನ್ನ, ಅವನ ಕೈಗೆ ಹುಳಾ ಬೀಳ್ಲಿ."

ಅಷ್ಟರಲ್ಲಿ ಹೆಂಡತಿ ಫೋನ್ ಕಸಿದುಕೊಂಡಳು. "ಸಿಕ್ತೇನ್ರೀ? ಫೋಟೋ ಕಳ್ಸಿ, ಅತ್ತೆಗೂ ತೋರಿಸ್ತೀನಿ."

ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಟ್ರೌಟಿನ ತುಟಿಯಲ್ಲಿ, ಇನ್ನೇನು ಹಚ್ಚುವುದೊಂದೇ ಬಾಕಿ ಎನ್ನುವಂತೆ, ಅವ್ವ ಹೊಸೆದ ಹೂಬತ್ತಿ.

"ಇಲ್ಲ, ಸಿಗಲಿಲ್ಲ," ಅಂದೆ.

ಈಗ ಪ್ರತಿ ಶನಿವಾರ ಚಾಪೆಯ ಮೇಲೆ ಕೂರುತ್ತೇನೆ. ಕಣ್ಣು ಮುಚ್ಚಿದರೆ ನನ್ನ ಕಾಲು ಕುಣಿಯುತ್ತದೆ ಎಂದು ಟೀಚರು ನನಗೆ ಬೇರೆಯದೇ ಧ್ಯಾನ ಕೊಟ್ಟಿದ್ದಾರೆ. ಎದುರಿಗೆ ಒಂದು ಹೂಬತ್ತಿ ಹಚ್ಚಿಟ್ಟು, ಅದನ್ನೇ ನೋಡುತ್ತ ಕೂರಬೇಕಂತೆ.