ಬಿಸಿ ರೊಟ್ಟಿಯ ನೆಂಟ

ನಂಬಲ್ಲ ಅನ್ನುವವರು ಈಗಲೇ ಎದ್ದು ಹೋಗ್ರಿ. ಹಡಗಲಿಯಿಂದ ಹರಪನಹಳ್ಳಿವರೆಗೆ ನನ್ನಷ್ಟು ಚೆಂದ ಕಿರುಚಿತ್ರ ತೆಗೆಯುವ ಮಗ ಇನ್ನೂ ಹುಟ್ಟಿಲ್ಲ. ಆದರೆ ನಾನು ಮೊಬೈಲ್ ಎತ್ತಿದರೆ ಸಾಕು, ಏನಾದರೊಂದು ಎಡವಟ್ಟು ಆಗೇ ಆಗುತ್ತದೆ.

ಈ ಸಲದ ಚಿತ್ರ ನನ್ನ ಮೇಲೇ. ಹತ್ತನೇ ತರಗತಿವರೆಗೆ ಬೆಳೆದದ್ದು ಇಟ್ಟಿಗಿಯಲ್ಲಿ, ಅಜ್ಜಿ ಮನೆಯಲ್ಲಿ. ಆಮೇಲೆ ಅಪ್ಪನ ಊರು ಕೊಟ್ಟೂರು. ಅಲ್ಲಿ ನಾನು ‘ಇಟ್ಟಿಗಿ ಹುಡುಗ’. ಇಟ್ಟಿಗಿಗೆ ಹೋದರೆ ‘ಕೊಟ್ಟೂರು ನೆಂಟ’. ಅಜ್ಜಿಗೂ ಅಷ್ಟೇ. ಮನೆಯವರೆಲ್ಲ ನಿನ್ನೆಯ ಕಟಕ ರೊಟ್ಟಿ ಮುರಿಯುತ್ತಿದ್ದರೆ ನನ್ನ ತಟ್ಟೆಗೆ ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಅದೇ ಕಟಕ ರೊಟ್ಟಿಗಾಗಿ ಮಾವನ ಮಗನ ಜೊತೆ ಗುದ್ದಾಡಿ ಬೆಳೆದವನು ನಾನು! ಹಾಗಾದರೆ ನಾನು ಯಾವ ಊರವನು? ತೀರ್ಮಾನ ಆಗಲಿ ಅಂತಲೇ ಚಿತ್ರ ಶುರು ಮಾಡಿದೆ.

೧. ಅಜ್ಜಿಯ ನಟನೆ

“ಅಜ್ಜಿ, ದಿನಾ ಬಡದಂಗ ರೊಟ್ಟಿ ಬಡಿ, ನಾನು ತೆಗೀತೀನಿ” ಅಂದೆ. ತಲೆಯಾಡಿಸಿ ಒಳಗೆ ಹೋದವಳು ರೇಷ್ಮೆ ಸೀರೆ ಉಟ್ಟು, ಪೌಡರ್ ಬಳಿದುಕೊಂಡು ಬಂದಳು. ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಹಿತ್ತಲಲ್ಲಿ ಕುರ್ಚಿ ಹಾಕಿಸಿ, ಮೊಣಕಾಲ ಮೇಲೆ ಕೈಯಿಟ್ಟು ಕೂತಳು.

“ಅಜ್ಜಿ, ಸ್ವಲ್ಪ ಅಲ್ಲಾಡು.”

“ಸುಮ್ನಿರಲೇ, ಫೋಟೊ ಕೆಡತೈತಿ” ಅಂದಳು, ತುಟಿ ಅಲ್ಲಾಡಿಸದೆ.

“ಇದು ವಿಡಿಯೊ!”

“ಹಂಗಾದ್ರ ಇನ್ನೂ ಗಟ್ಟಿ ಕುಂಡ್ರಬೇಕು.”

ನಾಲ್ಕು ನಿಮಿಷ ತೆಗೆದೆ. ಅದರಲ್ಲಿ ಅಲ್ಲಾಡಿದ್ದು ಹಿಂದೆ ಕಟ್ಟಿದ್ದ ಎಮ್ಮೆಯ ಬಾಲ ಒಂದೇ.

೨. ಜಿಲ್ಲೆಯ ಸವಾಲು

ಹರಪನಹಳ್ಳಿಯ ದೊಡ್ಡಪ್ಪ, ಅಂದರೆ ಅವ್ವನ ಅಕ್ಕನ ಗಂಡ, ಮಾತುಗಾರ. ಮನೆ ಮುಂದಿನ ಕಟ್ಟೆಯ ಮೇಲೆ ಕೂರಿಸಿ ಕೇಳಿದೆ: “ದೊಡ್ಡಪ್ಪ, ನೀವು ಯಾವ ಜಿಲ್ಲೆಯವ್ರು, ಮನಸು ಬಿಚ್ಚಿ ಹೇಳ್ರಿ.”

ದೊಡ್ಡಪ್ಪ ಬೆರಳು ಮಡಚಿದರು. “ಮೊದ್ಲು ಬಳ್ಳಾರಿ. ಆಮ್ಯಾಲೆ ದಾವಣಗೆರಿ. ಮತ್ತ ಬಳ್ಳಾರಿ. ಈಗ ವಿಜಯನಗರ.”

“ಅಷ್ಟು ಕಡೆ ಇದ್ರಾ?”

“ನಾ ಎಲ್ಲಿ ಹೋಗ್ಲೋ? ಹುಟ್ಟಿದಾಗಿಂದ ಇದೇ ಕಟ್ಟಿ ಮ್ಯಾಲೆ ಕುಂತೀನಿ. ಜಿಲ್ಲಾನೇ ಎದ್ದೆದ್ದು ಹೋಗೈತಿ!”

೩. ಮೊದಲ ಪ್ರದರ್ಶನ

ಭಾನುವಾರ ಮಧ್ಯಾಹ್ನ ಇಟ್ಟಿಗಿಯಲ್ಲಿ, ಅಜ್ಜಿ ಮನೆಯ ಟಿವಿಯಲ್ಲಿ ಚಿತ್ರ ಹಾಕಿದೆ. ಓಣಿಯೆಲ್ಲ ಪಡಸಾಲೆಯಲ್ಲಿ. ಅಜ್ಜಿ ಮುಂದಿನ ಸಾಲಿನಲ್ಲಿ, ಮತ್ತೆ ಅದೇ ರೇಷ್ಮೆ ಸೀರೆ. ಎಮ್ಮೆ ಬಂದಾಗ ಚಪ್ಪಾಳೆ ಬಿತ್ತು. ನನ್ನ ಹೆಸರು ಬಂದಾಗ ಬೀಳಲಿಲ್ಲ.

ಕೊನೆಯ ದೃಶ್ಯ ನನ್ನ ಹೆಮ್ಮೆ. ಪಕ್ಕಪಕ್ಕ ಎರಡು ತಟ್ಟೆ: ಮಾವನ ಮಗನದರಲ್ಲಿ ಕಟಕ ರೊಟ್ಟಿ, ನನ್ನದರಲ್ಲಿ ಬಿಸಿ ರೊಟ್ಟಿ. ಹಿಂದೆ ನನ್ನ ದನಿ: “ಇಲ್ಲೇ ಬೆಳೆದ ನಾನು ಇಲ್ಲಿ ಯಾವಾಗ ನೆಂಟನಾದೆ?” ನನ್ನ ಕಣ್ಣೇ ಒದ್ದೆಯಾಯಿತು.

ಹಿಂದಿನಿಂದ ಒಬ್ಬ ಕೂಗಿದ: “ಬೆಣ್ಣಿ ಹಚ್ಚಿ ಕೊಟ್ರ ಅಳ್ತಾನಲ್ಲಲೇ ಇವ!”

ಪಡಸಾಲೆ ಬಿದ್ದುಬಿದ್ದು ನಕ್ಕಿತು. ಅಜ್ಜಿ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋದಳು.

ಊಟಕ್ಕೆ ಬಂದವರ ಸಾಲಿನಲ್ಲಿ ನಾನೂ ಕೂತೆ. ಅಜ್ಜಿ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. “ಏಳಲೇ, ಭಾಡ್ಯಾ. ಮಂದಿ ಮೊದ್ಲು ಉಣ್ಲಿ. ಹೋಗಿ ನೀರು ತುಂಬ್ಕೊಂಡು ಬಾ.”

ಎಲ್ಲರಿಗೂ ನೀರು ಹಾಕಿದೆ, ಎಲೆ ಎತ್ತಿದೆ. ಕೊನೆಗೆ ಒಲೆ ಮುಂದೆ ಕೂರಿಸಿ ಅಜ್ಜಿ ನನಗೆ ಕೊಟ್ಟದ್ದು ನಿನ್ನೆಯ ಎರಡು ಕಟಕ ರೊಟ್ಟಿ. ಬೆಣ್ಣೆ ಇರಲಿಲ್ಲ.