ಮಾವನ ಸೇರು, ಓಣಿಯ ಎಣ್ಣೆ

ನಮ್ಮ ಸೋದರಮಾವನ ಮನೆಯಲ್ಲಿ ಬಿಕ್ಕಳಿಕೆಯೂ ಅಳತೆ ಮಾಡಿಸಿಕೊಂಡೇ ಬರಬೇಕು! ಉತ್ಪ್ರೇಕ್ಷೆ ಎನ್ನುತ್ತೀರಾ? ಗಜೇಂದ್ರಗಡದ ಪೇಟೆಯಲ್ಲಿ ಆಯುಷ್ಯವೆಲ್ಲ ಜೋಳ ಅಳೆದ ಕೈ ಅದು. ಬೀಗರಿಗೆ ಉಪ್ಪಿಟ್ಟನ್ನೂ ಹಿತ್ತಾಳೆ ಸೇರಿನಲ್ಲೇ ಅಳೆದು ಬಡಿಸಿದ ಪುಣ್ಯಾತ್ಮ! ಅಳೆಯುವವರ ಪದ್ಧತಿಯಂತೆ ಮೊದಲ ಸೇರಿಗೆ ಅವರು 'ಒಂದು' ಎನ್ನುವುದಿಲ್ಲ. 'ಲಾಭ' ಎಂದು ಶುರುಮಾಡಿ ಎರಡು, ಮೂರು ಎನ್ನುತ್ತಾರೆ. ಕೇಳಿದರೆ, "ಒಂದ ಅಂದ್ರ ರಾಶಿ ಒಂಟಿ ಆಕೈತಲೇ!" ಎಂದು ಗದರುತ್ತಾರೆ.

ಅತ್ತೆ ತೀರಿಕೊಂಡು ವರ್ಷವಾಯಿತು. ಮನೆಯಲ್ಲಿ ಒಬ್ಬರೇ ಆದರೂ ಮಾವ ಈಗಲೂ ಎರಡು ಕಪ್ಪು ಚಹಾ ಅಳೆದಿಟ್ಟು, ಒಂದನ್ನು ಆರಲು ಬಿಡುತ್ತಾರೆ. ನಾವು ಬೆಳವಣಕಿಯಲ್ಲಿ ಅವರದೇ ಓಣಿಯವರು, ನೋಡಿಯೂ ನೋಡದಂತಿರುತ್ತೇವೆ.

ಹೋದ ಮಳೆಗಾಲದಲ್ಲಿ ಹಳ್ಳ ಊರಿಗೇ ನುಗ್ಗಿತು. ರೋಣದ ದಾರಿ ಕಡಿಯಿತು, ಗ್ಯಾಸು ಬರಲಿಲ್ಲ, ಕಟ್ಟಿಗೆ-ಕುಳ್ಳು ತೊಯ್ದು ಹೋದವು. ನಾಲ್ಕನೆಯ ದಿನ ಟ್ರ್ಯಾಕ್ಟರೊಂದು ನಮ್ಮ ಓಣಿಗೆ ಒಂದು ಬ್ಯಾರಲ್ ಸೀಮೆಎಣ್ಣೆ ಇಳಿಸಿತು. ಅಟ್ಟದ ಮೇಲಿನ ಹಳೆಯ ಸ್ಟೋಗಳೆಲ್ಲ ಕೆಳಗಿಳಿದವು. ಡಬ್ಬಿ ಹಿಡಿದ ಜನ ಮುಗಿಬಿದ್ದರು. ರಟ್ಟೆಯಲ್ಲಿ ಬಲವಿದ್ದವರಿಗೆ ಬಿಸಿ ರೊಟ್ಟಿ, ಮುದುಕರಿಗೆ ಹಸಿ ಹಿಟ್ಟು ಎನ್ನುವ ಹಾಗಾದಾಗ ಮಾವ ಸೇರು ಹಿಡಿದು ಬ್ಯಾರಲ್ಲಿನ ಮುಂದೆ ಕುಳಿತೇಬಿಟ್ಟರು.

"ಒಂದ ಬಾಯಿಗೆ ಒಂದ ಸೇರು. ಮನ್ಯಾಗ ಎಷ್ಟ ಮಂದಿ? ಖರೇ ಹೇಳ್ರಿ!"

ಲಾಳಿಕೆ ಹಿಡಿಯುವ ಕೆಲಸ ನನ್ನದು.

"ನಂದು ಹತ್ತ ಖೋಲಿ ಮನಿರೀ," ಎಂದರು ಸಾಹುಕಾರರು.

"ಖೋಲಿ ರೊಟ್ಟಿ ತಿಂತಾವೇನ್ರಿ?"

"ಸೊಸಿ ಬಸರಿ ಅದಾಳ, ಎರಡ ಹಿಡೀರಿ," ಎಂದಳು ಒಬ್ಬಾಕೆ.

"ಹೊಟ್ಯಾಗಿನ ಕೂಸು ಸ್ಟೋ ಹಚ್ಚತೈತೇನವಾ?" ಎಂದು ಮಾವ ಗದರಿದರು. ಆದರೂ ಬಾಣಂತನದ ಬಿಸಿನೀರಿಗೆಂದು ಒಂದು ಸೇರು ಬೇರೆ ತೆಗೆದಿಟ್ಟರು.

"ನಮ್ಮ ತಮ್ಮ ನರಗುಂದದಾಗ ಸಿಕ್ಕೊಂಡಾನ್ರಿ, ಅವಂದೂ ಹಾಕ್ರಿ," ಎಂದ ಮತ್ತೊಬ್ಬ.

ಮಾವ ಕೆರಳಿದರು. "ಇದ್ದವರಿಗೆ ಅಷ್ಟ! ಇಲ್ಲದವರ ಹೆಸರ್ಲೆ ಒಂದ ಹನಿ ಇಲ್ಲ!"

ಇಂಥ ಬಿರುಸಿನ ನ್ಯಾಯಾಧೀಶರನ್ನು ಕೋರ್ಟಾದರೂ ಕಂಡಿದೆಯೇ!

ಸಂಜೆಯಾಗುವಷ್ಟರಲ್ಲಿ ಎಲ್ಲರ ಪಾಲೂ ಮುಟ್ಟಿತ್ತು. ಕೊನೆಗೆ ಮಾವ ತಮ್ಮ ಡಬ್ಬಿ ಮುಂದಿಟ್ಟರು. "ಲಾಭ," ಎಂದು ಸುರಿದರು. "ಎರಡು," ಎಂದು ಸುರಿದರು.

ಓಣಿಯ ಜನ ನೋಡುತ್ತಿದ್ದರು. ಆಗಲಿ ಬಿಡಿ, ಒಂದು ಸೇರಿಗೆ ಯಾರು ಜಗಳಾಡುತ್ತಾರೆ? ನರಗುಂದದ ತಮ್ಮನ ಪಾಲು ಕೇಳಿದವನೂ ತಲೆ ತಗ್ಗಿಸಿದ. ಮಾವನ ಕೈ ಮಾತ್ರ ಗಕ್ಕನೆ ನಿಂತಿತು. ಡಬ್ಬಿಯನ್ನೆತ್ತಿ ಅಷ್ಟೂ ಎಣ್ಣೆಯನ್ನು ಬ್ಯಾರಲ್ಲಿಗೆ ವಾಪಸು ಸುರಿದರು. ಬರ್ರಿ ಮಾವಾ, ನಮ್ಮನ್ಯಾಗ ಉಣ್ಣೋಣ ಎನ್ನಬೇಕೆಂದುಕೊಂಡರೂ ಲಾಳಿಕೆಯನ್ನೇ ಮತ್ತೆ ಡಬ್ಬಿಗೆ ಹಿಡಿದೆ.

ಅವರು ಸೇರನ್ನು ಮತ್ತೆ ತುಂಬಿದರು. ಜೀವಮಾನದಲ್ಲಿ ಮೊದಲ ಸಲ, ಲಾಭ ಎನ್ನಲಿಲ್ಲ.

"ಒಂದು," ಎಂದರು.