ಹೆಚ್ಚುವರಿ ಬೆಳಕಿನ ಪ್ರಕರಣ

ಟ್ಯಾಮರಾಕ್ ಕೌಂಟಿಯ ತೂಕ ಮತ್ತು ಅಳತೆ ಕಚೇರಿಯ ನಲವತ್ತೊಂದು ವರ್ಷಗಳ ಇತಿಹಾಸದಲ್ಲಿ, ಗ್ರಾಹಕರಿಗೆ ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟ ಕಾರಣಕ್ಕಾಗಿ ಯಾರ ಮೇಲಾದರೂ ಕ್ರಮ ಜರುಗಿಸಿದ ಉದಾಹರಣೆ ಇರುವುದಿಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದ ತುದಿಯ, ನಮ್ಮ ಜಿಲ್ಲೆಯಂತಿರುವ ಆ ಕೌಂಟಿಯಲ್ಲಿ ಹೆಚ್ಚು ಕೊಡುವವರ ಸಂಖ್ಯೆಯೇ ಕಡಿಮೆ ಇದ್ದುದರಿಂದ ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಇದನ್ನು ಗಮನಕ್ಕೆ ತಂದ ತಪ್ಪು ಆ ಕಚೇರಿಯ ಪರೀಕ್ಷಕ ವರ್ಲಿನ್ ಟೋಸ್ಟ್ರುಡ್‌ನದು. ಇಪ್ಪತ್ತಮೂರು ವರ್ಷ ಅವನು ಮಾಂಸದಂಗಡಿಯ ತಕ್ಕಡಿ, ಪೆಟ್ರೋಲ್ ಪಂಪು, ಸೌದೆ ರಾಶಿಗಳನ್ನು ಅಳೆಯುತ್ತ ಬಂದವನು. ಒಮ್ಮೆ ಮಾಂಸದ ವ್ಯಾಪಾರಿಯೊಬ್ಬ ತಕ್ಕಡಿಗೆ ಹೆಬ್ಬೆರಳು ಒತ್ತಿ ತೂಗುತ್ತಿದ್ದುದನ್ನು ಹಿಡಿದು, ಆ ಹೆಬ್ಬೆರಳಿನ ತೂಕವನ್ನು ಪ್ರತ್ಯೇಕವಾಗಿ ದಾಖಲಿಸಿದ್ದ. ಅಷ್ಟು ನಿಷ್ಠೆ ಕಚೇರಿಗೆ ಬೇಕಿರಲಿಲ್ಲವಾದರೂ ಸಹಿಸಿಕೊಂಡಿತ್ತು.

ಆ ವರ್ಷ ಆಗಸ್ಟಿನಲ್ಲಿ ಶಾಲಾ ಮಂಡಳಿಯವರು ಎಲ್ಲ ಶಿಕ್ಷಕರಿಗೂ ತಲಾ ಒಂದು ಲೇಸರ್ ಕಡ್ಡಿ ಕೊಡುವುದೆಂದು ತೀರ್ಮಾನಿಸಿದರು. ಪೆನ್ನಿನಷ್ಟು ಉದ್ದ. ಗುಂಡಿ ಒತ್ತಿದರೆ ಗೋಡೆಯ ಮೇಲೆ ಹಸಿರು ಚುಕ್ಕೆ. "ಶಕ್ತಿ ಐದು ಮಿಲಿವ್ಯಾಟ್ ಮೀರುವುದಿಲ್ಲ" ಎಂದು ಚೀಟಿ ಅಂಟಿಸಿತ್ತು. ಹಂಚುವ ಮುನ್ನ ಹನ್ನೆರಡು ಕಡ್ಡಿ ಪರೀಕ್ಷಿಸಿ ವರದಿ ಕೊಡಿ ಎಂದು ಮಂಡಳಿ ತೂಕದ ಕಚೇರಿಗೆ ಬರೆಯಿತು. ಬೆಳಕಿಗೆ ತೂಕವಿಲ್ಲದ ಕಾರಣ ಕಡತ ಮೂರು ಮೇಜು ಸುತ್ತಿ, ಬೇಡವಾದದ್ದೆಲ್ಲ ಬಂದು ಬೀಳುವ ವರ್ಲಿನ್‌ನ ಮೇಜಿಗೇ ಬಂದು ಬಿತ್ತು.

ವರ್ಲಿನ್ ಪಕ್ಕದೂರಿನ ಕಾಲೇಜಿನಿಂದ ಒಂದು ಮಾಪಕ ಎರವಲು ತಂದ. ಅದರಲ್ಲಿ ನಾಣ್ಯದಗಲದ ಕಪ್ಪು ಬಿಲ್ಲೆ. ಬೆಳಕು ಬಿದ್ದಾಗ ಬಿಲ್ಲೆ ಎಷ್ಟು ಬಿಸಿಯಾಯಿತೋ ಅದರ ಮೇಲೆ ಶಕ್ತಿಯ ಲೆಕ್ಕ ಬರುತ್ತದೆ. ಮೊದಲ ಕಡ್ಡಿಯನ್ನು ಹಿಡಿಕೆಗೆ ಬಿಗಿದು ಗುಂಡಿ ಒತ್ತಿದ. ಐವತ್ತೆರಡು ಮಿಲಿವ್ಯಾಟ್. ಬಿಲ್ಲೆ ಒರೆಸಿ ಮತ್ತೆ ಒತ್ತಿದ. ಐವತ್ತೆರಡೇ. ಹನ್ನೆರಡೂ ಮುಗಿಯುವಷ್ಟರಲ್ಲಿ ಕನಿಷ್ಠ ಮೂವತ್ತೆಂಟು, ಗರಿಷ್ಠ ಎಪ್ಪತ್ತೊಂದು. ಹಸಿರನ್ನು ಮಾತ್ರ ಬಿಡುವ ಗಾಜು ಅಡ್ಡ ಹಿಡಿದು ನೋಡಿದರೆ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯಿತು. ಉಳಿದದ್ದೆಲ್ಲ ಕಣ್ಣಿಗೆ ಕಾಣದ ಬೆಳಕು. ಕಾಣದ್ದರಿಂದ ರೆಪ್ಪೆ ಮುಚ್ಚುವುದಿಲ್ಲ, ಮುಚ್ಚದ್ದರಿಂದ ಸುಡುತ್ತದೆ.

ವರ್ಲಿನ್‌ನ ಮಗಳು ಸಿಗ್ನಿ ಅದೇ ಊರಿನ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಟೀಚರು. ಕೈಗೆ ಸಿಕ್ಕಿದ್ದನ್ನೆಲ್ಲ ಪಕ್ಕದವರ ಕಣ್ಣಿನ ಕಡೆಗೇ ತಿರುಗಿಸುವ ವಯಸ್ಸಿನ ಇಪ್ಪತ್ತೆಂಟು ಮಕ್ಕಳು ಅವಳ ಪಾಲಿಗಿದ್ದರು. ಅವರನ್ನು ನೆನೆದು ವರ್ಲಿನ್‌ಗೆ ಮಧ್ಯಾಹ್ನದ ಊಟ ಸೇರಲಿಲ್ಲ. ನೇರವಾಗಿ ಮೇಲಧಿಕಾರಿ ಮಾರ್ಲಿಸ್ ಕ್ವಾಮ್ ಅವರ ಕೋಣೆಗೆ ಹೋದ.

ಮಾರ್ಲಿಸ್ ವರದಿಯನ್ನು ಎರಡು ಸಲ ಓದಿದರು.

"ಫಾರಂನಲ್ಲಿ 'ಸರಿ' ಅಂತ ಒಂದು ಕಾಲಂ ಇದೆ. 'ಕಡಿಮೆ' ಅಂತ ಒಂದು ಕಾಲಂ ಇದೆ. ನೀವು ಎರಡನ್ನೂ ಬಿಟ್ಟು ಅಂಚಿನಲ್ಲಿ ಬರ್ದಿದೀರಲ್ಲ ವರ್ಲಿನ್?"

"ಇದು ಎರಡೂ ಅಲ್ಲ ಮಾರ್ಲಿಸ್. ಹೆಚ್ಚು. ಹದಿನಾಲ್ಕು ಪಟ್ಟಿನವರೆಗೂ ಹೆಚ್ಚು."

"ಹೆಚ್ಚು ಕೊಟ್ಟಿದ್ದಾರೆ ಅಂದ್ರೆ ಸಂತೋಷ ಪಡಬೇಕಪ್ಪ. ಬೇಕರಿಯವನು ಡಜನ್‌ಗೆ ಹದಿಮೂರು ಡೋನಟ್ ಕೊಟ್ರೆ ದಂಡ ಹಾಕ್ತೀರಾ?"

"ಡೋನಟ್ ಕಣ್ಣು ಸುಡಲ್ಲ."

"ಸಕ್ಕರೆ ಕಾಯಿಲೆಯವರನ್ನ ಕೇಳಿ ನೋಡಿ. ಆದ್ರೂ ಅದಕ್ಕೆ ನಾವು ಕಾಲಂ ಇಟ್ಟಿಲ್ಲ."

ಕೊನೆಗೆ ಮಾರ್ಲಿಸ್ ದೊಡ್ಡ ಮನಸ್ಸು ಮಾಡಿ, 'ಷರಾ' ಎಂಬಲ್ಲಿ ನಾಲ್ಕು ಪದಗಳಿಗೆ ಮೀರದಂತೆ ಬರೆಯಲು ಅನುಮತಿಸಿದರು. ವರ್ಲಿನ್ "ಜಾಹೀರಾತಿಗಿಂತ ಹದಿನಾಲ್ಕು ಪಟ್ಟು ಪ್ರಬಲ" ಎಂದು ಬರೆದ. ಎಚ್ಚರಿಕೆ ಎಂಬ ಪದಕ್ಕೆ ಜಾಗ ಸಾಲಲಿಲ್ಲ.

ಆ ನಾಲ್ಕು ಪದಗಳನ್ನು ಕಡ್ಡಿ ಪೂರೈಸಿದ ಕಂಪನಿಯ ಲೈಲ್ ಬ್ಲೋಮ್‌ಕ್ವಿಸ್ಟ್ ಎಂಬವರು ಮುಂದಿನ ವಾರವೇ ಪೆಟ್ಟಿಗೆಯ ಮೇಲೆ ಚಿನ್ನದ ಅಕ್ಷರಗಳಲ್ಲಿ ಮುದ್ರಿಸಿದರು. ಅಡಿಯಲ್ಲಿ "ಸರ್ಕಾರಿ ಪರೀಕ್ಷೆಯಿಂದ ದೃಢಪಟ್ಟಿದೆ" ಎಂದೂ ಇತ್ತು. ತಮ್ಮ ಕೈಯಾರೆ ಮಾಡಿದ ನಿಂಬೆಹಣ್ಣಿನ ಸಿಹಿ ಬಿಲ್ಲೆಗಳನ್ನು ತಟ್ಟೆ ತುಂಬ ತಂದು ವರ್ಲಿನ್‌ನ ಮೇಜಿನ ಮೇಲಿಟ್ಟರು.

"ಇಷ್ಟು ವರ್ಷದಲ್ಲಿ ನಮ್ಮ ಮಾಲನ್ನ ಮನಸಾರೆ ಹೊಗಳಿದೋರು ನೀವೊಬ್ಬರೇ ನೋಡಿ."

"ನಾನು ಹೊಗಳಿಲ್ಲ ಮಾರಾಯ್ರೆ! ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಣ್ಣಿಗೆ ಕಾಣದ ಬೆಳಕು."

"ನಿಮಗೆ ಕಂಡಿದೆಯಾ?"

"ಇಲ್ಲ, ಕಾಣಲ್ಲ ಅಂತಲೇ ಹೇಳ್ತಿರೋದು."

"ಮತ್ತೆ? ಕಾಣದೇ ಇರೋದನ್ನ ಕೊಟ್ಟಿದೀವಿ ಅಂತ ನಮ್ಮ ಮೇಲೆ ಹೊರಿಸೋದು ನ್ಯಾಯಾನಾ? ಒಂದು ಬಿಲ್ಲೆ ತಗೊಳಿ."

ವರ್ಲಿನ್ ತಗೊಂಡ. ಬಿಲ್ಲೆ ಚೆನ್ನಾಗಿತ್ತು. ಅದೂ ಅವನಿಗೆ ಬೇಸರ ತರಿಸಿತು.

ಸೆಪ್ಟೆಂಬರಿನಲ್ಲಿ ಶಾಲಾ ಮಂಡಳಿಯ ಮುಂದೆ ಪ್ರದರ್ಶನ ನಡೆಯಿತು. ಶಾಲೆಯ ಬಣ್ಣ ಕಪ್ಪು ಮತ್ತು ಹಳದಿ. ಹಾಗಾಗಿ ಸಭಾಂಗಣದ ತುಂಬ ಕಪ್ಪು ಮತ್ತು ಹಳದಿ ಬಲೂನುಗಳು. ಬ್ಲೋಮ್‌ಕ್ವಿಸ್ಟ್ ನಗುನಗುತ್ತ ಕಡ್ಡಿಯನ್ನು ನಕ್ಷೆಯತ್ತ ತಿರುಗಿಸುವಾಗ ಚುಕ್ಕೆ ದಾರಿಯಲ್ಲಿದ್ದ ಕಪ್ಪು ಬಲೂನಿನ ಮೇಲೆ ನಿಂತಿತು. ಪಟ್! ಗಾಬರಿಯಲ್ಲಿ ಕೈ ಪಕ್ಕಕ್ಕೆ ಸರಿಯಿತು. ಪಟ್! ಪಟ್! ಕಪ್ಪು ಬಲೂನುಗಳೆಲ್ಲ ಒಂದೊಂದಾಗಿ ಸಿಡಿದವು. ಹಳದಿಯವು ನಿಶ್ಚಿಂತೆಯಿಂದ ತೂಗಾಡುತ್ತಿದ್ದವು.

ಸಭೆ ಗಂಭೀರವಾಗಿ ಚರ್ಚಿಸಿ, ಕಪ್ಪು ಬಲೂನುಗಳ ಗುಣಮಟ್ಟದ ಬಗ್ಗೆ ತನಿಖೆಗೆ ಆದೇಶಿಸಿತು.

ವರ್ಲಿನ್ ಬಲೂನುಗಳನ್ನು ಪರೀಕ್ಷಿಸಿದ. ಬಲೂನಿನ ಚೀಟಿಯಲ್ಲಿ "ಒಳಾಂಗಣದ ಎಲ್ಲ ಬೆಳಕಿಗೂ ಸೂಕ್ತ" ಎಂದಿತ್ತು, ಬಲೂನು ತಡೆದುಕೊಂಡಿರಲಿಲ್ಲ. ಇದಕ್ಕೆ ಕಾಲಂ ಇತ್ತು: 'ಕಡಿಮೆ'. ಬಲೂನಿನಂಗಡಿಯ ಆರ್ಡಿಸ್ ಸ್ಕೋಗ್ ಎಂಬ ಎಪ್ಪತ್ತರ ಅಜ್ಜಿಗೆ ನೋಟಿಸು ಹೋಯಿತು.

ಆಕೆ ಕಚೇರಿಗೇ ಬಂದು ವರ್ಲಿನ್‌ನ ಎದುರು ನಿಂತರು. "ಅಲ್ಲಪ್ಪ, ಸುಟ್ಟದ್ದು ಅವನ ಕಡ್ಡಿ. ನನ್ನ ಬಲೂನು ಏನು ತಪ್ಪು ಮಾಡ್ತು?"

"ಒಡೀತು ಆರ್ಡಿಸ್," ಎಂದ ವರ್ಲಿನ್, ತಲೆ ತಗ್ಗಿಸಿ. "ನಮ್ಮಲ್ಲಿ ಸುಡೋದಕ್ಕೆ ಕಾಲಂ ಇಲ್ಲ. ಒಡೆಯೋದಕ್ಕೆ ಇದೆ."

ಅಜ್ಜಿ ಹೋದ ಮೇಲೆ ಅವನು ತಾನೇ ಹೇಳಿದ ಆ ಮಾತನ್ನು ಮನಸ್ಸಿನಲ್ಲಿ ತಿರುವಿಹಾಕಿದ. ಕಡ್ಡಿಗಳನ್ನು ಹಂಚುವ ದಿನಕ್ಕೆ ಇನ್ನು ನಾಲ್ಕೇ ದಿನ. ಸುಡುವವನನ್ನು ಹಿಡಿಯಲು ದಾರಿಯಿಲ್ಲ. ಇಪ್ಪತ್ತಮೂರು ವರ್ಷ ಒಂದೇ ಒಂದು ಸುಳ್ಳು ಅಂಕಿಯನ್ನೂ ಬರೆಯದವನು, ಹೊಸದೊಂದು ಫಾರಂ ತೆಗೆದು 'ವಸ್ತುವಿನ ಹೆಸರು' ಎಂಬಲ್ಲಿ 'ಕಣ್ಣು' ಎಂದು ಬರೆದ. 'ಬೇಕಾದ ಸಾಮರ್ಥ್ಯ: ಎಪ್ಪತ್ತೊಂದು ಮಿಲಿವ್ಯಾಟ್.' 'ತಡೆದುಕೊಳ್ಳುವ ಸಾಮರ್ಥ್ಯ: ಐದಕ್ಕೂ ಒಳಗೆ.' ಆಮೇಲೆ 'ಕಡಿಮೆ' ಕಾಲಂನಲ್ಲಿ ಗುರುತು ಹಾಕಿದ. ನೋಡಿದರೆ ಒಂದು ಅಂಕಿಯೂ ಸುಳ್ಳಾಗಿರಲಿಲ್ಲ.

ಮಾರ್ಲಿಸ್ ಫಾರಂ ನೋಡಿ ಮೊದಲ ಬಾರಿಗೆ ಅವನ ಬೆನ್ನು ತಟ್ಟಿದರು. "ನೋಡಿ, ಹೀಗೆ ಬರ್ಕೊಂಡು ಬಂದ್ರೆ ಯಾರು ಬೇಡ ಅಂತಾರೆ?"

ಮರುದಿನವೇ ಪ್ರಕಟಣೆ ಹೊರಬಿತ್ತು:

"ಕೌಂಟಿಯ ವ್ಯಾಪ್ತಿಯಲ್ಲಿ ಬಳಕೆಯಲ್ಲಿರುವ ಕಣ್ಣುಗಳು ಅಗತ್ಯಕ್ಕಿಂತ ಕಡಿಮೆ ಗುಣಮಟ್ಟದವೆಂದು ಪರೀಕ್ಷೆಯಿಂದ ತಿಳಿದುಬಂದಿರುತ್ತದೆ. ಸದರಿ ಕಣ್ಣುಗಳನ್ನು ವಾಪಸು ಕಳುಹಿಸೋಣವೆಂದರೆ ತಯಾರಕರ ವಿಳಾಸ ಕಚೇರಿಯಲ್ಲಿ ಲಭ್ಯವಿರುವುದಿಲ್ಲ. ಆದ್ದರಿಂದ, ಲೇಸರ್ ಕಡ್ಡಿ ಬಳಸುವ ಪ್ರತಿಯೊಂದು ಕೋಣೆಯಲ್ಲಿ ಶಿಕ್ಷಕರು, ಮಕ್ಕಳು ಮತ್ತು ಅತಿಥಿಗಳು ಬೆಸುಗೆ ಕೆಲಸಗಾರರ ಕಪ್ಪು ಕನ್ನಡಕ ಧರಿಸತಕ್ಕದ್ದು. ದೋಷಯುಕ್ತ ಕಣ್ಣುಗಳನ್ನು ತೆರೆದಿಟ್ಟುಕೊಂಡವರ ಮೇಲೆ ಕ್ರಮ ಜರುಗಿಸಲಾಗುವುದು."

ಕನ್ನಡಕಗಳನ್ನೂ ಬ್ಲೋಮ್‌ಕ್ವಿಸ್ಟ್ ಅವರೇ ಪೂರೈಸಿದರು. ವರ್ಲಿನ್ ಎರಡು ದಿನ ಊಟ ಬಿಟ್ಟು ಪ್ರತಿಯೊಂದನ್ನೂ ಪರೀಕ್ಷಿಸಿದ. ಹೇಳಿದಷ್ಟೇ ಕತ್ತಲೆ, ಒಂದು ಕೂದಲೆಳೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಾಕಿಕೊಂಡರೆ ಎದುರಿಗೆ ಕುದುರೆಗಿಂತ ದೊಡ್ಡ ಮೂಸ್ ಜಿಂಕೆ ನಿಂತಿದ್ದರೂ ಕಾಣುತ್ತಿರಲಿಲ್ಲ. ಅಂದು ಅವನು ಹೊಟ್ಟೆ ತುಂಬ ಉಂಡ.

ನವೆಂಬರಿನಲ್ಲಿ ಶಾಲೆಯಲ್ಲಿ ಪೋಷಕರ ದಿನ. ವರ್ಲಿನ್, ಮಾರ್ಲಿಸ್, ಬ್ಲೋಮ್‌ಕ್ವಿಸ್ಟ್ ಹಾಗೂ ಮಂಡಳಿಯ ಸದಸ್ಯರು ಸಿಗ್ನಿಯ ತರಗತಿಗೆ ಅತಿಥಿಗಳಾಗಿ ಬಂದು, ಪುಟ್ಟ ಕುರ್ಚಿಗಳನ್ನು ತಡಕಾಡಿ ಹುಡುಕಿ ಕುಳಿತರು. ಎಲ್ಲರ ಮುಖದ ಮೇಲೂ ಕಪ್ಪು ಕನ್ನಡಕ.

"ಚುಕ್ಕೆ ಈಗ ನಕ್ಷೆಯಲ್ಲಿ ಒಹಾಯೊ ರಾಜ್ಯದ ಮೇಲಿದೆ ಮಕ್ಕಳೇ," ಎಂದಿತು ಸಿಗ್ನಿಯ ದನಿ.

"ಟೀಚರ್, ನನಗೆ ಟೆಕ್ಸಸ್ ಮೇಲೆ ಕಾಣಿಸ್ತಿದೆ!" ಎಂದಳು ಒಬ್ಬ ಹುಡುಗಿ.

"ಟೆಕ್ಸಸ್ ನಿನ್ನೆ ಆಯ್ತಲ್ಲ ಪುಟ್ಟಿ. ಇವತ್ತು ಒಹಾಯೊ."

"ಓ, ಹೌದು ಹೌದು."

ಸಿಗ್ನಿ ಮೆಲ್ಲಗೆ ಅಪ್ಪನ ಬಳಿ ಬಂದು, ಮೊದಲು ಅಪ್ಪಿತಪ್ಪಿ ಬ್ಲೋಮ್‌ಕ್ವಿಸ್ಟರ ಭುಜ ಮುಟ್ಟಿ, ಕ್ಷಮೆ ಕೇಳಿ, ಆಮೇಲೆ ಸರಿಯಾದ ಕಿವಿ ಹುಡುಕಿ ಪಿಸುಗುಟ್ಟಿದಳು. "ಅಪ್ಪಾ, ಯಾರಿಗೂ ಹೇಳ್ಬೇಡ. ಮೊದಲನೇ ದಿನವೇ ಬ್ಯಾಟರಿ ತೆಗೆದುಬಿಟ್ಟೆ. ಬೇರೆ ಟೀಚರುಗಳೂ ಅಷ್ಟೇ."

ವರ್ಲಿನ್‌ಗೆ ಕತ್ತಲೆಯಲ್ಲೇ ಕಣ್ಣು ತುಂಬಿ ಬಂತು. ಆ ಕಣ್ಣುಗಳು ಕಡಿಮೆ ಗುಣಮಟ್ಟದವೆಂದು ಅವನೇ ಸಹಿ ಮಾಡಿದ್ದ. "ಜಾಣೆ," ಎಂದಷ್ಟೇ ಹೇಳಿ ಅವಳ ಕೈ ಅದುಮಿದ.

ಪಾಠ ಮುಗಿದಾಗ ಮಂಡಳಿಯ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು, ಯೋಜನೆ ನಿರೀಕ್ಷೆ ಮೀರಿ ಯಶಸ್ವಿಯಾಗಿದೆಯೆಂದೂ, ಬರುವ ವರ್ಷ ಇದಕ್ಕಿಂತ ಪ್ರಖರವಾದ ಕಡ್ಡಿಗಳನ್ನು ತರಿಸುವ ನಿರ್ಣಯವನ್ನು ಈಗಲೇ ಮಂಡಿಸುತ್ತಿರುವುದಾಗಿಯೂ ತಿಳಿಸಿದರು.

"ಚುಕ್ಕೆ ಕಾಣಿಸದೇ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ."

ಅಧ್ಯಕ್ಷರು ಕನ್ನಡಕದೊಳಗಿನಿಂದ ತರಗತಿಯನ್ನು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಸಾವಧಾನವಾಗಿ ನೋಡಿದರು. ಎತ್ತಿದ ಕೈ ಒಂದೂ ಅವರಿಗೆ ಕಾಣಲಿಲ್ಲ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.